ಬಳಸುವವರ ಮಾತು ಎಲ್ಲಿ ಸಲ್ಲುತ್ತದೆ

ತಂತ್ರಜ್ಞಾನದ ಕಂಪನಿಗಳ ಬಗ್ಗೆ ನಾವು ದಿನನಿತ್ಯ ಆಡುವ ಮಾತುಗಳನ್ನೇ ಇವತ್ತಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ: ‘ಅಪ್‌ಡೇಟ್ ಹಾಕಿದ ಮೇಲೆ ಫೋನ್ ನಿಧಾನ ಆಗಿಬಿಟ್ಟಿದೆ’, ‘ಮೊದಲಿದ್ದದ್ದೇ ಚೆನ್ನಾಗಿತ್ತು, ಯಾಕಾದರೂ ಬದಲಾಯಿಸಿದರೋ’, ‘ಎಲ್ಲಿ ಒತ್ತಿದರೂ ಜಾಹೀರಾತು’, ‘ನಾವು ಮಾತಾಡಿದ್ದನ್ನೆಲ್ಲ ಈ ಫೋನು ಕೇಳಿಸಿಕೊಳ್ಳುತ್ತದೆ’. ಇವನ್ನು ಗೊಣಗಾಟವೆಂದು ತಳ್ಳಿಹಾಕುವವರು ಬಹಳ ಮಂದಿ. ವಯಸ್ಸಾದವರು ಹೊಸದಕ್ಕೆ ಒಗ್ಗಿಕೊಳ್ಳಲಾರರು ಎಂಬ ವಿವರಣೆಯೂ ಸಿದ್ಧವಾಗಿಯೇ ಇರುತ್ತದೆ. ನಾನು ಹಲವು ವರ್ಷ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸದಲ್ಲಿದ್ದವನು. ಆ ಕೆಲಸ ನನಗೆ ಒಂದು ವಿಷಯವನ್ನು ಮನದಟ್ಟು ಮಾಡಿಸಿದೆ: ಬಳಸುವವರ ದೂರಿನಲ್ಲಿ, ಆ ವಸ್ತುವನ್ನು ತಯಾರಿಸಿದವರ ಬಳಿಯೂ ಇಲ್ಲದ ಒಂದು ತಿಳಿವಳಿಕೆ ಇರುತ್ತದೆ. ಆ ತಿಳಿವಳಿಕೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದೆ ಹೋಗುತ್ತದೆ, ಹಾಗಾಗುವುದು ಯಾಕೆ ಎಂಬುದನ್ನು ಕೆಲವು ಘಟನೆಗಳ ಮೂಲಕ ನಿಮ್ಮ ಮುಂದಿಡುತ್ತೇನೆ.

ಮೊದಲು ನಿಧಾನವಾಗುವ ಫೋನಿನ ಮಾತನ್ನೇ ತೆಗೆದುಕೊಳ್ಳೋಣ. ಐಫೋನ್ ಇಟ್ಟುಕೊಂಡಿದ್ದವರಲ್ಲಿ ಈ ಅನುಮಾನ ಬಹಳ ಹಳೆಯದು. ಹೊಸ ಮಾದರಿ ಬಂದಾಗಲೆಲ್ಲ ಹಳೆಯದು ಮಂದವಾಗುತ್ತದೆ ಎಂದು ಜನ ಹೇಳುತ್ತಿದ್ದರು. ತಿಳಿದವರು ಅದು ಭ್ರಮೆಯೆಂದು ಸಮಾಧಾನ ಹೇಳುತ್ತಿದ್ದರು. 2017ರ ಡಿಸೆಂಬರ್‌ನಲ್ಲಿ ಒಬ್ಬ ಬಳಕೆದಾರರು, ತಮ್ಮ ಹಳೆಯ ಐಫೋನಿಗೆ ಹೊಸ ಬ್ಯಾಟರಿ ಹಾಕಿಸಿದ ಕೂಡಲೇ ಅದರ ವೇಗ ಮರಳಿ ಬಂದದ್ದನ್ನು ಗಮನಿಸಿ, ಅಳೆದು, ಆ ಅಳತೆಯನ್ನು ಎಲ್ಲರ ಮುಂದೆ ಇಟ್ಟರು. ಫೋನುಗಳ ವೇಗವನ್ನು ಅಳೆಯುವ ಗೀಕ್‌ಬೆಂಚ್ ಎಂಬ ಸಾಧನವನ್ನು ರೂಪಿಸಿದ ಜಾನ್ ಪೂಲ್, ತಮ್ಮ ಬಳಿ ಸೇರಿದ್ದ ಅಪಾರ ಸಂಖ್ಯೆಯ ಅಳತೆಗಳನ್ನು ತೆಗೆದು ನೋಡಿದರು. ಒಂದೇ ಮಾದರಿಯ ಫೋನುಗಳು ಐಫೋನ್ ತಂತ್ರಾಂಶದ ಒಂದು ಆವೃತ್ತಿಯ ನಂತರ ಬೇರೆ ಬೇರೆ ವೇಗದ ಗುಂಪುಗಳಾಗಿ ಒಡೆದುಹೋಗಿದ್ದವು. ಎರಡು ದಿನಗಳಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಹಳೆಯದಾದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಪೂರೈಸಲಾರದೆ ಫೋನು ತಟ್ಟನೆ ಆರಿಹೋಗುವುದನ್ನು ತಪ್ಪಿಸಲು, ಅದೇ ವರ್ಷದ ಜನವರಿಯಲ್ಲಿ ಬಂದ 10.2.1 ಆವೃತ್ತಿಯಲ್ಲಿ ತಾನೇ ವೇಗವನ್ನು ತಗ್ಗಿಸುವ ಏರ್ಪಾಡು ಮಾಡಿದ್ದಾಗಿ ಹೇಳಿತು. ಡಿಸೆಂಬರ್ 28ರಂದು ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಮುಂದಿನ ಮಾರ್ಚ್‌ನಲ್ಲಿ ಬ್ಯಾಟರಿಯ ಆರೋಗ್ಯವನ್ನು ತೋರಿಸುವ ಪುಟವೊಂದು ಐಫೋನಿನಲ್ಲಿ ಬಂತು. 2020ರಲ್ಲಿ ಫ್ರಾನ್ಸಿನ ಗ್ರಾಹಕ ರಕ್ಷಣಾ ಇಲಾಖೆ ಆ್ಯಪಲ್‌ಗೆ 2.5 ಕೋಟಿ ಯೂರೋ ದಂಡ ವಿಧಿಸಿತು. ವೇಗವನ್ನು ತಗ್ಗಿಸಿದ್ದಕ್ಕಿಂತ ಮುಖ್ಯವಾಗಿ, ಗ್ರಾಹಕರಿಗೆ ಅದನ್ನು ತಿಳಿಸದೇ ಇದ್ದದ್ದು ಅಲ್ಲಿ ಅಪರಾಧವೆನಿಸಿತು.

ಈ ಘಟನೆಯಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಜನ ಕಂಡದ್ದು ಸರಿಯಾಗಿತ್ತು. ಜನ ಊಹಿಸಿದ ಕಾರಣ ಮಾತ್ರ ಪೂರ್ತಿ ಸರಿಯಿರಲಿಲ್ಲ. ಹೊಸ ಫೋನು ಮಾರುವುದಕ್ಕೆಂದೇ ಹಳೆಯದನ್ನು ಕೆಡಿಸುತ್ತಾರೆ ಎಂಬುದು ಜನರ ತರ್ಕ. ಕಂಪನಿ ಕೊಟ್ಟ ಕಾರಣ ಬ್ಯಾಟರಿಯ ರಸಾಯನ. ಎರಡನೆಯದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ‘ನಿಧಾನವಾಗಿದೆ’ ಎಂಬ ಮೊದಲ ಮಾತನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ನಾವು ನಮ್ಮ ದೂರನ್ನು ಹೇಳುವಾಗ ಸಾಮಾನ್ಯವಾಗಿ ಕಂಡದ್ದನ್ನೂ ಅದಕ್ಕೆ ಕಾರಣವೆಂದು ಊಹಿಸಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಎದುರಿನವರು ಊಹೆಯನ್ನು ಹಿಡಿದು ತಪ್ಪೆಂದು ತೋರಿಸಿದಾಗ ಅದರ ಜೊತೆಗೆ ಕಂಡದ್ದೂ ಬಿದ್ದುಹೋಗುತ್ತದೆ.

ಫೋನು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತದೆ ಎನ್ನುವುದಕ್ಕೂ ಇದೇ ಅನ್ವಯಿಸುತ್ತದೆ. ಈ ಸಭೆಯಲ್ಲಿ ಕೈ ಎತ್ತಲು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಜನ ಹಾಗೆಂದು ನಂಬಿರುವುದು ಗೊತ್ತಾದೀತು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಸುಮಾರು 17 ಸಾವಿರ ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ, ಗುಟ್ಟಾಗಿ ಮೈಕ್ ತೆರೆದು ಮಾತನ್ನು ಕಳಿಸುವ ಆ್ಯಪ್ ಯಾವುದನ್ನೂ ಕಾಣಲಿಲ್ಲ. ಆದರೆ ಪರದೆಯ ಮೇಲೆ ನಡೆಯುವುದನ್ನು ಬಳಸುವವರಿಗೆ ತಿಳಿಸದೆ ಚಿತ್ರೀಕರಿಸಿ ಹೊರಗೆ ಕಳಿಸುತ್ತಿದ್ದ ಆ್ಯಪ್ ಸಿಕ್ಕಿತು. ಹಾಗಾದರೆ ನಿನ್ನೆ ಮಾತಾಡಿದ ವಸ್ತುವಿನ ಜಾಹೀರಾತು ಇಂದು ಹೇಗೆ ಬಂತು? ನೀವು ಹುಡುಕಿದ ಪುಟಗಳು, ನೀವು ಇದ್ದ ಜಾಗ, ನಿಮ್ಮ ಜೊತೆ ಅದೇ ಮನೆಯ ವೈಫೈ ಬಳಸಿದವರು ಹುಡುಕಿದ್ದು, ಇವೆಲ್ಲ ಸೇರಿದರೆ ಮೈಕ್ ಇಲ್ಲದೆಯೂ ಬಹಳಷ್ಟನ್ನು ಊಹಿಸಬಹುದು. ಜನ ಅನುಭವಿಸುವ ಇರುಸುಮುರುಸು ನಿಜ. ತಮ್ಮನ್ನು ಯಾರೋ ಹತ್ತಿರದಿಂದ ಗಮನಿಸುತ್ತಿದ್ದಾರೆ ಎಂಬ ಅವರ ಅನಿಸಿಕೆಯೂ ನಿಜ. ಗಮನಿಸುವ ಬಗೆ ಮಾತ್ರ ಅವರು ಎಣಿಸಿದ್ದಕ್ಕಿಂತ ಬೇರೆ, ಬಹುಶಃ ಅದಕ್ಕಿಂತ ಆಳ.

ಇನ್ನು ಕಂಪನಿಗಳು ನಮ್ಮ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತವೆ ಎಂಬುದನ್ನು ನೋಡೋಣ. ಇದಕ್ಕೆ 2006ರ ಸೆಪ್ಟೆಂಬರ್‌ಗೆ ಹೋಗಬೇಕು. ಫೇಸ್‌ಬುಕ್ ಆಗಿನ್ನೂ ಎಲ್ಲರಿಗೂ ತೆರೆದಿರಲಿಲ್ಲ. ಮುಖ್ಯವಾಗಿ ವಿದ್ಯಾರ್ಥಿಗಳು ಬಳಸುತ್ತಿದ್ದರು. ಅಲ್ಲಿಯವರೆಗೆ ಸ್ನೇಹಿತರ ಸುದ್ದಿ ತಿಳಿಯಬೇಕಾದರೆ ಅವರವರ ಪುಟಕ್ಕೆ ಹೋಗಿ ನೋಡಬೇಕಿತ್ತು. ಆ ತಿಂಗಳ 5ರಂದು ಕಂಪನಿ ನ್ಯೂಸ್ ಫೀಡ್ ಎಂಬುದನ್ನು ತಂದು, ಎಲ್ಲರ ಚಟುವಟಿಕೆಯನ್ನೂ ಒಂದೇ ಪಟ್ಟಿಯಲ್ಲಿ ಎಲ್ಲರ ಮುಂದೆ ಸುರಿಯಿತು. ವಿದ್ಯಾರ್ಥಿಗಳು ಸಿಡಿದೆದ್ದರು. ಅದನ್ನು ವಿರೋಧಿಸುವ ಗುಂಪು ಫೇಸ್‌ಬುಕ್ಕಿನಲ್ಲೇ ಹುಟ್ಟಿಕೊಂಡು, ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಮಾರ್ಕ್ ಜುಕರ್‌ಬರ್ಗ್ ಕ್ಷಮೆ ಕೇಳಿ, ಯಾವುದು ಕಾಣಬೇಕು ಯಾವುದು ಬೇಡ ಎಂಬ ಆಯ್ಕೆಗಳನ್ನು ಸೇರಿಸಿದರು, ಆದರೆ ಫೀಡನ್ನು ತೆಗೆಯಲಿಲ್ಲ. ಅಷ್ಟು ದೊಡ್ಡ ಗುಂಪು ಅಷ್ಟು ಬೇಗ ಬೆಳೆಯಲು, ಯಾರು ಯಾವ ಗುಂಪಿಗೆ ಸೇರಿದರೆಂದು ಎಲ್ಲರಿಗೂ ತೋರಿಸುತ್ತಿದ್ದ ಆ ಫೀಡೇ ಕಾರಣವಾಗಿತ್ತು. ಜನ ಬಾಯಲ್ಲಿ ಬೇಡವೆಂದರು, ಬೆರಳಲ್ಲಿ ಬಳಸಿದರು. ಆ ಫೀಡೇ ಮುಂದೆ ಫೇಸ್‌ಬುಕ್ಕಿನ ಜೀವಾಳವಾಯಿತು.

ಈ ಘಟನೆಯಿಂದ ಇಡೀ ಉದ್ಯಮ ಒಂದು ಪಾಠ ಕಲಿತುಕೊಂಡಿತು, ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಬದಲಾವಣೆ ಮಾಡಿದ ದಿನ ಜನ ಬೈಯುತ್ತಾರೆ, ಕೆಲವು ವಾರಗಳಲ್ಲಿ ಸುಮ್ಮನಾಗುತ್ತಾರೆ. ಆದ್ದರಿಂದ ಅವರ ಮಾತನ್ನು ಕೇಳುವುದಕ್ಕಿಂತ ಅವರ ಬೆರಳನ್ನು ಎಣಿಸುವುದು ಲೇಸು ಎಂಬುದೇ ಆ ಪಾಠ. ಇಂದು ಯಾವುದೇ ದೊಡ್ಡ ಆ್ಯಪ್ ತನ್ನ ಗುಂಡಿಯ ಬಣ್ಣ ಬದಲಿಸುವ ಮೊದಲು ಕೆಲವರಿಗೆ ಹಳೆಯದನ್ನೂ ಕೆಲವರಿಗೆ ಹೊಸದನ್ನೂ ತೋರಿಸಿ, ಯಾರು ಹೆಚ್ಚು ಹೊತ್ತು ಉಳಿದರು, ಎಷ್ಟು ಸಲ ಒತ್ತಿದರು ಎಂದು ಲೆಕ್ಕ ಹಾಕುತ್ತದೆ. ನಿಮ್ಮ ಫೋನು ಪಕ್ಕದವರ ಫೋನಿಗಿಂತ ಬೇರೆಯಾಗಿ ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಈ ಎಣಿಕೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಜನ ಮಾಡುತ್ತೇವೆಂದು ಹೇಳುವುದಕ್ಕೂ ನಿಜವಾಗಿ ಮಾಡುವುದಕ್ಕೂ ಅಂತರವಿದೆ ಎಂಬುದನ್ನು ಪರೀಕ್ಷೆಯ ಕೆಲಸ ಮಾಡಿದ ಎಲ್ಲರೂ ಬಲ್ಲರು. ನನ್ನ ತಕರಾರು ಇರುವುದು ಎಣಿಕೆ ಏನನ್ನು ಹಿಡಿಯಲಾರದು ಎಂಬುದರ ಬಗ್ಗೆ.

ಮೈಕ್ರೋಸಾಫ್ಟ್‌ನ ಒಂದು ಕಥೆ ಇದನ್ನು ಚೆನ್ನಾಗಿ ತಿಳಿಸುತ್ತದೆ. 1995ರಿಂದ ವಿಂಡೋಸ್‌ನಲ್ಲಿ ಎಡಗಡೆಯ ಕೆಳಮೂಲೆಯಲ್ಲಿ ಸ್ಟಾರ್ಟ್ ಗುಂಡಿ ಇತ್ತು. ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಮೊದಲ ಪಾಠ ಶುರುವಾಗುತ್ತಿದ್ದದ್ದೇ ಅಲ್ಲಿಂದ. 2012ರ ಅಕ್ಟೋಬರ್ 26ರಂದು ಬಿಡುಗಡೆಯಾದ ವಿಂಡೋಸ್ 8ರಲ್ಲಿ ಆ ಗುಂಡಿಯೇ ಇರಲಿಲ್ಲ. ಬೆರಳಿನಿಂದ ಮುಟ್ಟುವ ಟ್ಯಾಬ್ಲೆಟ್‌ಗಳ ಕಾಲ ಬಂದಿದೆಯೆಂದು ನಂಬಿದ ಕಂಪನಿ, ಇಡೀ ಪರದೆಯನ್ನು ಬಣ್ಣದ ಚೌಕಗಳಿಂದ ತುಂಬಿತು. ಆಗ ಕೊಟ್ಟ ಸಮರ್ಥನೆಗಳಲ್ಲಿ ಒಂದು ಎಣಿಕೆಯದೇ ಆಗಿತ್ತು: ಜನ ತಮಗೆ ಬೇಕಾದ ತಂತ್ರಾಂಶಗಳನ್ನು ಕೆಳಗಿನ ಪಟ್ಟಿಗೇ ಅಂಟಿಸಿಕೊಳ್ಳುತ್ತಿದ್ದಾರೆ, ಸ್ಟಾರ್ಟ್ ಮೆನುವಿನ ಬಳಕೆ ಇಳಿಯುತ್ತಿದೆ ಎಂದು ಬಳಕೆಯ ಮಾಹಿತಿ ಹೇಳುತ್ತಿತ್ತು. ಆ ಮಾಹಿತಿ ಸುಳ್ಳಲ್ಲ. ಆದರೆ ಅಟ್ಟದ ಏಣಿಯನ್ನು ವರ್ಷಕ್ಕೆ ನಾಲ್ಕು ಸಲ ಬಳಸುತ್ತೇವೆಂದು ಯಾರೂ ಅದನ್ನು ಒಲೆಗೆ ಹಾಕುವುದಿಲ್ಲ. ದಿನಾ ಬಳಸುವ ಮೂರು ತಂತ್ರಾಂಶಗಳು ಕೈಗೆ ಸಿಗುವಂತಿದ್ದರೂ, ಅಪರೂಪಕ್ಕೆ ಬೇಕಾಗುವ ಇಪ್ಪತ್ತನ್ನು ಹುಡುಕಲು ದಾರಿ ಅದೊಂದೇ ಆಗಿತ್ತು. ಕಂಪ್ಯೂಟರನ್ನು ಆರಿಸುವುದಕ್ಕೂ ಅಲ್ಲಿಗೇ ಹೋಗಬೇಕಿತ್ತು. ಎಷ್ಟು ಸಲ ಬಳಸಿದರು ಎಂಬುದನ್ನು ಎಣಿಕೆ ಹೇಳುತ್ತದೆ, ಅದಿಲ್ಲದೆ ಹೋದಾಗ ಎಷ್ಟು ತಬ್ಬಿಬ್ಬಾಗುತ್ತಾರೆ ಎಂಬುದನ್ನು ಹೇಳುವುದಿಲ್ಲ. ಎರಡನೆಯದನ್ನು ಹೇಳಬಲ್ಲವರು ತಬ್ಬಿಬ್ಬಾದವರು ಮಾತ್ರ.

ಈ ಸಲ ಮೈಕ್ರೋಸಾಫ್ಟ್ ಮಣಿಯಿತು. ಮರುವರ್ಷ ಅಕ್ಟೋಬರ್‌ನಲ್ಲಿ ಬಂದ 8.1ರಲ್ಲಿ ಗುಂಡಿ ಮರಳಿತು, 2015ರ ಜುಲೈನಲ್ಲಿ ಬಂದ ವಿಂಡೋಸ್ 10ರಲ್ಲಿ ಮೆನುವೂ ಮರಳಿತು. ಫೇಸ್‌ಬುಕ್ ಮಣಿಯದೆ ಮೈಕ್ರೋಸಾಫ್ಟ್ ಯಾಕೆ ಮಣಿಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ವಿಂಡೋಸ್ ಬಳಸುವವರು ಹೆಚ್ಚು ಗಟ್ಟಿಯಾಗಿ ಬೈದರು ಎಂಬುದು ಕಾರಣವಲ್ಲ. ಅವರ ಬಳಿ ವಿಂಡೋಸ್ 7 ಇತ್ತು, ಅದು ಚೆನ್ನಾಗಿ ನಡೆಯುತ್ತಿತ್ತು. ಕಚೇರಿಗಳು, ಕಾರ್ಖಾನೆಗಳು, ಕಾಲೇಜುಗಳು ಹೊಸದನ್ನು ಕೊಳ್ಳದೆ ಹಳೆಯದರಲ್ಲೇ ಉಳಿದವು. ಬೈಗುಳ ಮಾರಾಟದ ಲೆಕ್ಕದಲ್ಲಿ ಕಾಣಿಸಿಕೊಂಡಿತು. ಬೇರೆ ದಾರಿ ಇರುವವರು ಆಡಿದ ಮಾತಿಗೆ ಒಂದು ತೂಕ, ಇಲ್ಲದವರು ಆಡಿದ ಅದೇ ಮಾತಿಗೆ ಇನ್ನೊಂದು ತೂಕ. ನಾನು ಇವತ್ತು ಹೇಳಬೇಕೆಂದಿರುವ ಸಂಗತಿ ಇದೇ ಆದ್ದರಿಂದ, ಮುಂದಿನ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ವಾಟ್ಸ್‌ಆ್ಯಪ್ 2009ರಲ್ಲಿ ಶುರುವಾದಾಗ ಅದರ ಸ್ಥಾಪಕರಾದ ಜಾನ್ ಕೋಮ್ ಮತ್ತು ಬ್ರಯಾನ್ ಆ್ಯಕ್ಟನ್ ಜಾಹೀರಾತಿನ ಕಡು ವಿರೋಧಿಗಳಾಗಿದ್ದರು. ನಾವು ಜಾಹೀರಾತು ಮಾರುವುದಿಲ್ಲ, ಯಾಕೆ ಮಾರುವುದಿಲ್ಲ ಎಂದು 2012ರಲ್ಲಿ ಬರೆದು ಪ್ರಕಟಿಸಿಯೂ ಇದ್ದರು. ವರ್ಷಕ್ಕೆ ಒಂದು ಡಾಲರ್ ಶುಲ್ಕ, ಅಷ್ಟೇ. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. 2016ರ ಆರಂಭದಲ್ಲಿ ಶುಲ್ಕ ಹೋಯಿತು. ಏಪ್ರಿಲ್‌ನಲ್ಲಿ, ಕಳಿಸಿದವರು ಮತ್ತು ಪಡೆದವರ ಹೊರತು ಯಾರೂ ಓದಲಾಗದಂತೆ ಸಂದೇಶಗಳಿಗೆ ಗೂಢಲಿಪೀಕರಣ ಬಂತು, ಇದು ನಿಜಕ್ಕೂ ಒಳ್ಳೆಯ ಕೆಲಸ. ಆಗಸ್ಟ್‌ನಲ್ಲಿ ನಮ್ಮ ಫೋನ್ ಸಂಖ್ಯೆಯನ್ನು ಫೇಸ್‌ಬುಕ್‌ನೊಂದಿಗೆ ಹಂಚಿಕೊಳ್ಳುವ ನಿಯಮವೂ ಬಂತು. ಸ್ಥಾಪಕರಿಬ್ಬರೂ 2017 ಮತ್ತು 2018ರಲ್ಲಿ ಒಬ್ಬರ ಹಿಂದೊಬ್ಬರು ಹೊರನಡೆದರು. ಆ್ಯಕ್ಟನ್ ತಮ್ಮ 5 ಕೋಟಿ ಡಾಲರ್ ಹಾಕಿ, ಸಿಗ್ನಲ್ ಎಂಬ ಮತ್ತೊಂದು ಸಂದೇಶ ಸೇವೆಯನ್ನು ನಡೆಸುವ ಲಾಭರಹಿತ ಪ್ರತಿಷ್ಠಾನಕ್ಕೆ ಬೆನ್ನೆಲುಬಾದರು.

2021ರ ಜನವರಿ ನಿಮಗೆಲ್ಲ ನೆನಪಿರಬೇಕು. ವಾಟ್ಸ್‌ಆ್ಯಪ್ ತೆರೆದ ಕೂಡಲೇ ಹೊಸ ನಿಯಮಗಳ ಫಲಕವೊಂದು ಬಂತು. ಫೆಬ್ರವರಿ 8ರೊಳಗೆ ಒಪ್ಪಬೇಕು, ಒಪ್ಪದಿದ್ದರೆ ಖಾತೆ ಬಳಸುವಂತಿಲ್ಲ ಎಂಬುದು ಅದರ ಧಾಟಿ. ಮನೆಮನೆಯಲ್ಲೂ ಚರ್ಚೆಯಾಯಿತು. ಸಿಗ್ನಲ್‌ಗೆ ಎಷ್ಟು ಜನ ನುಗ್ಗಿದರೆಂದರೆ ಜನವರಿ ಮಧ್ಯದಲ್ಲಿ ಅದು ಭಾರ ತಾಳದೆ ಕೆಲಕಾಲ ನಿಂತೇಹೋಯಿತು. ವಾಟ್ಸ್‌ಆ್ಯಪ್ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು ಸಮಜಾಯಿಷಿ ಹೇಳಿತು, ಗಡುವನ್ನು ಮೇ 15ಕ್ಕೆ ಮುಂದೂಡಿತು, ನಮ್ಮ ಕೇಂದ್ರ ಸರ್ಕಾರ ನಿಯಮಗಳನ್ನು ಹಿಂತೆಗೆದುಕೊಳ್ಳಲು ಪತ್ರ ಬರೆಯಿತು. ಆಮೇಲೆ? ಸಿಗ್ನಲ್‌ಗೆ ಹೋದವರಲ್ಲಿ ಬಹುತೇಕರು ಅಲ್ಲಿ ಮಾತಾಡಲು ಯಾರೂ ಸಿಗದೆ ಮರಳಿ ಬಂದರು. ಫಲಕ ಮತ್ತೆ ಮತ್ತೆ ಬಂತು, ಒಂದು ದಿನ ಯಾವುದೋ ಅವಸರದಲ್ಲಿ ‘ಒಪ್ಪಿಗೆ’ ಎಂದು ಒತ್ತಿದೆವು.

ಹೀಗೆ ಮರಳಿ ಬಂದು ಒಪ್ಪಿಕೊಂಡವರನ್ನು ದುರ್ಬಲರೆಂದು ಹೇಳುವವರ ಜೊತೆ ನನಗೆ ಸಹಮತವಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಅಂಕಿಯಂತೆ ಭಾರತದಲ್ಲಿ ವಾಟ್ಸ್‌ಆ್ಯಪ್ ಬಳಸುವವರು 53 ಕೋಟಿ. ಮಗುವಿನ ಶಾಲೆಯ ಸೂಚನೆ, ಅಪಾರ್ಟ್‌ಮೆಂಟಿನ ನೀರಿನ ಸುದ್ದಿ, ಹಾಲಿನ ಡೇರಿಯ ಗುಂಪು, ವೈದ್ಯರಿಗೆ ಕಳಿಸಬೇಕಾದ ರಕ್ತಪರೀಕ್ಷೆಯ ವರದಿ, ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಮಕ್ಕಳ ಮುಖ, ಎಲ್ಲವೂ ಅಲ್ಲೇ ಇರುವಾಗ ಒಬ್ಬರೇ ಎದ್ದು ಹೊರಟರೆ ಬಿಟ್ಟದ್ದು ಒಂದು ಆ್ಯಪನ್ನಲ್ಲ, ಊರನ್ನೇ. ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. 2011ರ ಜನವರಿ 20ರಿಂದ ದೇಶದಾದ್ಯಂತ, ಅದೇ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವ ಅವಕಾಶ ಬಂತು. ಅದಕ್ಕೆ ಮೊದಲು ನೆಟ್‌ವರ್ಕ್ ಸಿಗದಿದ್ದರೂ, ಬಿಲ್ ತಪ್ಪಾಗಿದ್ದರೂ, ಎಲ್ಲರ ಬಳಿಯೂ ಇರುವ ಸಂಖ್ಯೆಯನ್ನು ಬಿಡಲಾರದೆ ಸಹಿಸುತ್ತಿದ್ದೆವು. ಆ ಅವಕಾಶವನ್ನು ಯಾವ ಕಂಪನಿಯೂ ತಾನಾಗಿ ಕೊಡಲಿಲ್ಲ, ನಿಯಮ ಕೊಡಿಸಿತು. ಸಂದೇಶ ಸೇವೆಗಳಿಗೂ ಅಂಥದ್ದೊಂದು ನಿಯಮ ಯುರೋಪಿನಲ್ಲಿ ಬಂದಿದೆ. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಪ್ರಕಾರ, ಬೇರೆ ಸಂದೇಶ ಸೇವೆಗಳು ಕೇಳಿದರೆ ವಾಟ್ಸ್‌ಆ್ಯಪ್ ಅವುಗಳೊಡನೆ ಸಂದೇಶ ವಿನಿಮಯಕ್ಕೆ ಬಾಗಿಲು ತೆರೆಯಬೇಕು. ನಮ್ಮಲ್ಲಿ ಹಾಗಿಲ್ಲ. ನಮ್ಮ ಸ್ಪರ್ಧಾ ಆಯೋಗ 2021ರಲ್ಲಿ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡು, 2024ರ ನವೆಂಬರ್‌ನಲ್ಲಿ ಫೇಸ್‌ಬುಕ್ಕಿನ ಮಾತೃಸಂಸ್ಥೆಯಾದ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಒಪ್ಪು ಇಲ್ಲವೇ ಬಿಡು ಎಂಬ ಆ ಫಲಕ ಪ್ರಾಬಲ್ಯದ ದುರುಪಯೋಗವೆಂಬುದು ಆಯೋಗದ ನಿಲುವು. ಅಂದರೆ ಮೂರೂಮುಕ್ಕಾಲು ವರ್ಷದ ಹಿಂದೆ ನೀವು ಮನೆಯಲ್ಲಿ ಕೂತು ಆಡಿದ ಮಾತು ಸರಿಯಾಗಿತ್ತು. ಅದು ಸಲ್ಲಲು ಅಷ್ಟು ಕಾಲ ಬೇಕಾಯಿತು. ಅಷ್ಟರಲ್ಲಿ ಕಂಪನಿ ತನ್ನ ದಾರಿಯಲ್ಲಿ ಮುಂದೆ ಹೋಗಿತ್ತು. 2025ರ ಜೂನ್‌ನಲ್ಲಿ ವಾಟ್ಸ್‌ಆ್ಯಪ್‌ನ ಸ್ಟೇಟಸ್ ವಿಭಾಗಕ್ಕೆ ಜಾಹೀರಾತು ತರುವುದಾಗಿ ಪ್ರಕಟಿಸಿತು.

ಹಾಗೆಂದು ಜನರ ಮಾತು ಎಂದೂ ಬೇಗ ಸಂದಿಲ್ಲ ಎಂದು ಭಾವಿಸಬೇಡಿ. ಇದೇ ದೇಶದಲ್ಲಿ, ಇದೇ ಕಂಪನಿಯ ವಿಷಯದಲ್ಲಿ, ಅದು ಸಂದದ್ದನ್ನು ನಾವು ಕಂಡಿದ್ದೇವೆ. 2015ರಲ್ಲಿ ಫೇಸ್‌ಬುಕ್ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ, ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ಯೋಜನೆಯನ್ನು ತಂದಿತು. ಮುಂದೆ ಅದಕ್ಕೆ ಫ್ರೀ ಬೇಸಿಕ್ಸ್ ಎಂದು ಹೆಸರಾಯಿತು. ಬಡವರಿಗೆ ಇಂಟರ್‌ನೆಟ್ ಸಿಗುವುದು ಬೇಡವೇ ಎಂದು ಕಂಪನಿ ಕೇಳಿತು. ಯಾವ ತಾಣ ಬಡವರಿಗೆ ಸಿಗಬೇಕೆಂಬುದನ್ನು ಕಂಪನಿ ಯಾಕೆ ನಿರ್ಧರಿಸಬೇಕು ಎಂದು ಯೋಜನೆಯನ್ನು ವಿರೋಧಿಸಿದವರು ಕೇಳಿದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ಬಗೆಯ ಭೇದಭಾವದ ದರಗಳ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಫೇಸ್‌ಬುಕ್ ತನ್ನ ಬಳಕೆದಾರರ ಮುಂದೆ ಸಿದ್ಧಪತ್ರವೊಂದನ್ನು ಇಟ್ಟು, ಒಂದು ಗುಂಡಿ ಒತ್ತಿದರೆ ಅದು ಟ್ರಾಯ್‌ಗೆ ಹೋಗುವಂತೆ ಮಾಡಿತು. ಲಕ್ಷಾಂತರ ಪತ್ರಗಳು ಹಾಗೆ ಹೋದವು. ವಿರೋಧಿಸಿದವರೂ ಲಕ್ಷಾಂತರ ಬರೆದರು. ಆರ್. ಎಸ್. ಶರ್ಮಾ ಆಗ ಟ್ರಾಯ್ ಅಧ್ಯಕ್ಷರು. ಫೇಸ್‌ಬುಕ್ ಕಳಿಸಿದ ಸಿದ್ಧಪತ್ರಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿಲ್ಲವೆಂದು ಟ್ರಾಯ್ ಬಹಿರಂಗವಾಗಿಯೇ ಹೇಳಿ, ಪ್ರಶ್ನೆಗೆ ತಕ್ಕ ಉತ್ತರ ಕೊಡುವಂತೆ ಕೇಳಿಕೊಂಡಿತು. 2016ರ ಫೆಬ್ರವರಿ 8ರಂದು ಭೇದಭಾವದ ದರಗಳನ್ನು ನಿಷೇಧಿಸುವ ನಿಯಮ ಬಂತು. ಕೆಲವೇ ದಿನಗಳಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು.

ಇಲ್ಲಿ ನಡೆದದ್ದನ್ನು ಗಮನಿಸಿ. ಗುಂಡಿ ಒತ್ತಿದವರ ಸಂಖ್ಯೆ ದೊಡ್ಡದಿತ್ತು, ಹಣ ಕಂಪನಿಯ ಕಡೆಗಿತ್ತು, ಪತ್ರಿಕೆಗಳ ಪುಟಗಳು ಅದರ ಜಾಹೀರಾತಿನಿಂದ ತುಂಬಿದ್ದವು. ಆದರೂ ಕಾರಣ ಕೊಟ್ಟು ಬರೆದವರ ಮಾತು ಸಂದಿತು. ಅಭಿಪ್ರಾಯವನ್ನು ಓದಲೇಬೇಕಾದ ಒಂದು ಸಂಸ್ಥೆ ಇತ್ತು, ಅದು ಸ್ಪಷ್ಟವಾದ ಪ್ರಶ್ನೆ ಕೇಳಿತ್ತು, ಉತ್ತರಕ್ಕೆ ಕಾರಣ ಬೇಕೆಂದಿತ್ತು. ಬಿಟ್ಟುಹೋಗುವ ದಾರಿ ಇಲ್ಲದ ಕಡೆ ಮಾತಿಗೆ ತೂಕ ಕೊಡಬಲ್ಲದ್ದು ಇಂಥ ಸಂಸ್ಥೆ ಮಾತ್ರ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ನಮ್ಮ ಪರಿಸ್ಥಿತಿಯಲ್ಲಿ ಒಂದು ವಿಶೇಷವಿದೆ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬಂತು. ಮೆಟಾದ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಯೇ ತೀರಿಕೊಂಡರು ಎಂದು ತೋರಿಸಿತು. ನಮ್ಮ ವಾಕ್ಯದಲ್ಲಿ ಕರ್ತೃ ಮೊದಲಿಗೇ ಬಂದು, ನಡುವೆ ಇನ್ನೊಬ್ಬರನ್ನು ವರ್ಣಿಸುವ ಮಾತುಗಳೆಲ್ಲ ಬಂದು, ಕ್ರಿಯಾಪದ ಕೊನೆಗೆ ಬರುತ್ತದೆ. ನಡುವಿನ ವರ್ಣನೆಯನ್ನು ಯಂತ್ರ ಮೊದಲಿನ ಕರ್ತೃವಿಗೆ ಅಂಟಿಸಿದಂತೆ ಕಾಣುತ್ತದೆ. ಮುಖ್ಯಮಂತ್ರಿಯವರ ಮಾಧ್ಯಮ ಸಲಹೆಗಾರರು ಮೆಟಾಕ್ಕೆ ಪತ್ರ ಬರೆದು, ಅನುವಾದ ಸುಧಾರಿಸುವವರೆಗೆ ಕನ್ನಡದಲ್ಲಿ ಈ ಸೌಲಭ್ಯವನ್ನು ನಿಲ್ಲಿಸಲು ಕೇಳಿದರು. ಮೆಟಾ ಕ್ಷಮೆ ಕೇಳಿ, ದೋಷ ಸರಿಪಡಿಸಿದ್ದಾಗಿ ಹೇಳಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2021ರ ಜೂನ್‌ನಲ್ಲಿ, ಗೂಗಲ್ ಹುಡುಕಾಟದಲ್ಲಿ ನಮ್ಮ ಭಾಷೆಯ ಬಗ್ಗೆ ಅವಮಾನಕರವಾದ ಉತ್ತರವೊಂದು ಕಾಣಿಸಿಕೊಂಡಾಗಲೂ ಇಡೀ ನಾಡು ಒಂದಾಗಿ ಕೆರಳಿತು, ಬೇಗನೆ ಉತ್ತರ ಮಾಯವಾಯಿತು, ಕ್ಷಮೆಯೂ ಬಂತು.

ಈ ಎರಡರಲ್ಲೂ ಕಂಪನಿಗಳು ಬೇಗ ಸ್ಪಂದಿಸಿದವು, ಅದು ಸಂತೋಷದ ವಿಷಯ. ಆದರೆ ಒಂದರಲ್ಲಿ ದೂರು ಕೊಟ್ಟದ್ದು ಮುಖ್ಯಮಂತ್ರಿಯ ಕಚೇರಿ, ಇನ್ನೊಂದರಲ್ಲಿ ರಾಜ್ಯಕ್ಕೆ ರಾಜ್ಯವೇ. ಅದೇ ಯಂತ್ರ ನಿಮ್ಮ ಚಿಕ್ಕಪ್ಪನ ಶ್ರದ್ಧಾಂಜಲಿಯನ್ನು ತಪ್ಪಾಗಿ ತಿರುಗಿಸಿದ್ದರೆ, ಕನ್ನಡ ಬಾರದ ನಿಮ್ಮ ಗೆಳೆಯರು ತಪ್ಪು ಜನರಿಗೆ ಸಂತಾಪ ಹೇಳುತ್ತಿದ್ದರು, ಅಷ್ಟೇ. ಕನ್ನಡದಲ್ಲಿ ಹುಡುಕುವಾಗ, ಮಾತಿನಿಂದ ಬರೆಯಿಸುವಾಗ, ಬ್ಯಾಂಕಿನ ಆ್ಯಪನ್ನು ಕನ್ನಡಕ್ಕೆ ಬದಲಿಸಿದಾಗ ದಿನಾ ನೂರು ಸಣ್ಣ ತಪ್ಪುಗಳನ್ನು ನೋಡುತ್ತೇವೆ. ನಾವು ಮಾಡುವುದೇನು? ಭಾಷೆಯ ಆಯ್ಕೆಗೆ ಹೋಗಿ ಇಂಗ್ಲಿಷಿಗೆ ಮರಳುತ್ತೇವೆ. ಬಿಟ್ಟುಹೋಗುವ ದಾರಿ ಇದ್ದರೆ ಮಾತಿಗೆ ತೂಕ ಬರುತ್ತದೆ ಎಂದು ಮೊದಲು ಹೇಳಿದೆ. ಇಲ್ಲಿ ಅದೇ ದಾರಿ ನಮ್ಮ ವಿರುದ್ಧ ಕೆಲಸ ಮಾಡುತ್ತದೆ. ನಾವು ಕಂಪನಿಯನ್ನು ಬಿಡುವುದಿಲ್ಲ, ಕನ್ನಡವನ್ನು ಬಿಡುತ್ತೇವೆ. ಎಣಿಸುವ ಯಂತ್ರಕ್ಕೆ ಕಾಣುವುದು, ಕನ್ನಡದ ಪರದೆ ಬಳಸುವವರು ಕಡಿಮೆಯಿದ್ದಾರೆ ಎಂಬುದು ಮಾತ್ರ. ಬಳಸದಿರುವುದಕ್ಕೆ ಕಾರಣ ಅದರ ಕಳಪೆತನವೆಂಬುದು ಅದಕ್ಕೆ ಕಾಣುವುದಿಲ್ಲ, ನಾವು ಹೇಳಿಯೂ ಇರುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಇ-ಪುಸ್ತಕ ಸೇವೆಯಾದ ಕಿಂಡಲ್‌ನಲ್ಲಿ ಭಾರತೀಯ ಭಾಷೆಯ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಅವರ ಲೆಕ್ಕ ನನಗೆ ಕಾಣದು. ಆದರೆ ಆ ಲೆಕ್ಕದಲ್ಲಿ ನಮ್ಮ ಮೌನಕ್ಕೆ ಪಾಲಿಲ್ಲವೆಂದು ನಂಬುವುದು ನನಗೆ ಕಷ್ಟ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಅನ್ಯಾಯವಾದೀತು. ಬದಲಾವಣೆ ನೋವು ಕೊಟ್ಟ ಮಾತ್ರಕ್ಕೆ ಅದು ತಪ್ಪೆಂದಲ್ಲ. ಬರಹ ಮತ್ತು ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ವರ್ಷಾನುಗಟ್ಟಲೆ ಬರೆದವರಿಗೆ, ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತಗಳ ವ್ಯವಸ್ಥೆಯಾದ ಯೂನಿಕೋಡ್ ಬಂದಾಗ ಆದ ಕಷ್ಟವನ್ನು ನಿಮ್ಮಲ್ಲಿ ಎಷ್ಟೋ ಜನ ಬಲ್ಲಿರಿ. ಹಳೆಯ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು, ಪರಿವರ್ತಿಸಿದರೆ ಒತ್ತಕ್ಷರಗಳು ಕೆಡುತ್ತಿದ್ದವು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಉಳಿದುಬಂದದ್ದರಿಂದ ಬೆರಳುಗಳ ಅಭ್ಯಾಸವಾದರೂ ಉಳಿಯಿತು. ಆ ಬದಲಾವಣೆ ಆಗಲೇಬೇಕಿತ್ತು. ಯೂನಿಕೋಡ್ ಇಲ್ಲದಿದ್ದರೆ ಇಂದು ಕನ್ನಡದಲ್ಲಿ ಹುಡುಕುವುದೂ, ಫೋನಿನಿಂದ ಫೋನಿಗೆ ಕನ್ನಡದಲ್ಲಿ ಬರೆಯುವುದೂ ಸಾಧ್ಯವಿರಲಿಲ್ಲ. ಅಂದು ನಾವು ಆಕ್ಷೇಪಿಸಬೇಕಾಗಿದ್ದದ್ದು ಬದಲಾವಣೆಯನ್ನಲ್ಲ, ಹಳೆಯ ಬರಹವನ್ನು ಹೊಸದಕ್ಕೆ ಸಾಗಿಸುವ ಕೆಲಸವನ್ನು ಪ್ರತಿಯೊಬ್ಬರ ತಲೆಗೆ ಕಟ್ಟಿದ್ದನ್ನು.

ಇದರಿಂದಲೇ ನಾನು ದೂರು ಬರೆಯುವ ಕ್ರಮಕ್ಕೆ ಇಷ್ಟು ಒತ್ತು ಕೊಡುತ್ತೇನೆ. ಪರೀಕ್ಷಕನ ಮೇಜಿಗೆ ‘ಆ್ಯಪ್ ಸರಿಯಿಲ್ಲ’ ಎಂಬ ದೂರು ಬಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಫೋನು, ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ಬರೆದು, ಪರದೆಯ ಚಿತ್ರವನ್ನೂ ಸೇರಿಸಿದ ದೂರನ್ನು ಮುಚ್ಚಿಹಾಕುವುದು ಕಷ್ಟ. ಅದನ್ನು ಕನ್ನಡದಲ್ಲೇ ಬರೆಯಿರಿ. ಆ್ಯಪ್ ಅಂಗಡಿಯ ವಿಮರ್ಶೆಯಲ್ಲಿ ಒಂದು ನಕ್ಷತ್ರ ಕೊಟ್ಟು ಬೈಯುವುದಕ್ಕಿಂತ, ತಪ್ಪಾದ ವಾಕ್ಯವನ್ನೂ ಸರಿಯಾದದ್ದನ್ನೂ ಅಲ್ಲಿ ಬರೆದರೆ, ಮುಂದೆ ಓದುವ ಹತ್ತು ಕನ್ನಡಿಗರಿಗಾದರೂ ತಾವು ಒಂಟಿಯಲ್ಲವೆಂದು ತಿಳಿಯುತ್ತದೆ. ಕಾರಣವನ್ನು ಊಹಿಸಬೇಡಿ, ಕಂಡದ್ದನ್ನು ಬಿಡಬೇಡಿ.

ಕೊನೆಯದಾಗಿ, ನಮ್ಮ ಶಾಲೆಗಳನ್ನೂ ಸಹಕಾರ ಸಂಘಗಳನ್ನೂ ಮುಟ್ಟುವ ಒಂದು ವಿಷಯ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಯಂತ್ರಗಳಲ್ಲಿ ಅವಿಲ್ಲ. ವೈಯಕ್ತಿಕ ಬಳಕೆದಾರರಿಗೆ ಒಂದು ವರ್ಷ ಹೆಚ್ಚಿನ ಭದ್ರತಾ ಅಪ್‌ಡೇಟ್‌ಗಳನ್ನು ಕೊಡಲು ಕಂಪನಿ ಒಪ್ಪಿತು, ಆದರೆ ಅದಕ್ಕೆ 30 ಡಾಲರ್ ಕೊಡಬೇಕು, ಇಲ್ಲವೇ ತಾನು ಬಹುಮಾನವಾಗಿ ಕೊಡುವ ರಿವಾರ್ಡ್ಸ್ ಅಂಕಗಳನ್ನು ಬಳಸಬೇಕು, ಇಲ್ಲವೇ ಯಂತ್ರದ ಸೆಟ್ಟಿಂಗ್‌ಗಳನ್ನು ತನ್ನ ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ತನ್ನ ಕಂಪ್ಯೂಟರುಗಳಲ್ಲಿ, ಉಳಿಸಬೇಕು ಎಂಬ ಷರತ್ತು ಇಟ್ಟಿತು. ಯುರೋಪಿನಲ್ಲಿ ಯೂರೋಕನ್ಸ್ಯೂಮರ್ಸ್ ಎಂಬ ಗ್ರಾಹಕ ಸಂಘಟನೆ ಈ ಷರತ್ತುಗಳನ್ನು ಆಕ್ಷೇಪಿಸಿ ಕಂಪನಿಗೆ ಪತ್ರ ಬರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಆರ್ಥಿಕ ವಲಯದ ಬಳಕೆದಾರರಿಗೆ ಮಾತ್ರ ಹಣವೂ ಬೇಡ, ಕ್ಲೌಡ್‌ನಲ್ಲಿ ಉಳಿಸುವುದೂ ಬೇಡ ಎಂದಾಯಿತು. ಅದೇ ವಿಂಡೋಸ್, ಅದೇ ಕಂಪನಿ. ನಮಗೆ ಹಳೆಯ ಷರತ್ತುಗಳೇ ಉಳಿದವು.

ಮೈಸೂರು ಗ್ರಾಹಕರ ಪರಿಷತ್ತಿನಂಥ ಸಂಘಟನೆಗಳು ನಮ್ಮಲ್ಲೂ ಇವೆ. ಅಂಥ ಸಂಘಟನೆ ಪತ್ರ ಬರೆಯಬೇಕಾದರೆ ಅದರ ಕೈಗೆ ವಿವರ ಬೇಕು. ನಿಮ್ಮ ಊರಿನ ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ಹಾಲು ಉತ್ಪಾದಕರ ಸಂಘದಲ್ಲಿ, ನಿಮ್ಮ ಮನೆಯಲ್ಲಿ ಹೀಗೆ ಕೈಬಿಟ್ಟುಹೋದ ಯಂತ್ರಗಳು ಎಷ್ಟಿವೆ, ಯಾವ ವರ್ಷದವು, ಯಾವ ಪ್ರೊಸೆಸರ್, ಇಂದಿಗೂ ಯಾವ ಕೆಲಸಕ್ಕೆ ಬಳಕೆಯಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಕನ್ನಡ ಅನುವಾದದ ತಪ್ಪುಗಳಿದ್ದರೆ ಬೇರೊಂದು ಹಾಳೆಯಲ್ಲಿ, ಪರದೆಯ ಚಿತ್ರದ ಜೊತೆಗೆ ಕೊಡಿ. ಬಂದವನ್ನೆಲ್ಲ ಒಂದೆಡೆ ಕ್ರಮವಾಗಿ ಜೋಡಿಸಿ, ಸಂಬಂಧಪಟ್ಟ ಕಂಪನಿಗೂ ಇಲಾಖೆಗೂ ಹೋಗಬೇಕಾದ ಪತ್ರದ ಕರಡನ್ನು ಸಿದ್ಧಪಡಿಸುವ ಹೊಣೆಯನ್ನು ನಾನು ಹೊರುತ್ತೇನೆ.